ಬಾಣಂತಿ ಕೋಣೆಯ ಕಿಟಕಿ

ಮಗಳ ಬಾಣಂತನಕ್ಕೆಂದು ನಮ್ಮ ಮನೆಯಾಕೆ ಕೆನಡಾದ ವಿನಿಪೆಗ್‌ಗೆ ಹೋದದ್ದು ನವೆಂಬರ್‌ನಲ್ಲಿ. ನಾನು ಬಳ್ಳಾರಿಯಲ್ಲೇ ಉಳಿದೆ. ಮಂಡಿ ನೋವಿನವನಿಗೆ ಅಲ್ಲಿಯ ಚಳಿ ಬೇಡ ಎಂದು ಮಗಳೇ ತೀರ್ಮಾನಿಸಿದ್ದಳು, ನಾನೂ ಹಟ ಮಾಡಲಿಲ್ಲ. ಅಲ್ಲಿಗೂ ನಮಗೂ ಹನ್ನೊಂದೂವರೆ ತಾಸಿನ ಅಂತರ. ನಮಗೆ ಬೆಳಿಗ್ಗೆ ಏಳಾದರೆ ಅವರಿಗೆ ಹಿಂದಿನ ದಿನದ ಸಂಜೆ ಏಳೂವರೆ. ಹಾಗಾಗಿ ನನ್ನ ಬೆಳಗಿನ ಚಹಾ, ಅವರ ರಾತ್ರಿ ಊಟ ಎರಡೂ ಫೋನಿನಲ್ಲಿ ಒಟ್ಟಿಗೇ ನಡೆಯುತ್ತಿದ್ದವು. ಮೊದಮೊದಲು ಕೂಸಿನ ಮುಖ ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಡಿಸೆಂಬರ್ ಕೊನೆಗೆ ಒಮ್ಮೆ ಆಕೆ ಫೋನನ್ನು ಕೂಸಿನ ಕಡೆಯಿಂದ ತಿರುಗಿಸಿ ಕಿಟಕಿಗೆ ಹಿಡಿದಳು.

"ನೋಡ್ರಿ ಇಲ್ಲಿ, ಕಿಟಕಿ ಸೋರಾಕತ್ತೈತಿ. ಹೊರಗಿನ ಹಿಮ ಕರಗಿ ಒಳಗ ಬರಾಕತ್ತೈತಿ."

ಎರಡು ಪದರದ ಗಾಜು. ಒಳಮೈಗೆ ದಪ್ಪನೆ ಮಂಜು ಕಟ್ಟಿ ಬೀದಿ ಕಾಣುತ್ತಲೇ ಇರಲಿಲ್ಲ. ಗಾಜಿನ ಕೆಳ ಅಂಚಿಗೆ ಬೆರಳಗಲ ಮಂಜುಗಡ್ಡೆ. ಕಿಟಕಿಯ ಕಟ್ಟೆಯ ಮೇಲೆ ಹಾಸಿದ ಟವೆಲ್ಲು ನೀರು ಕುಡಿದು ಜೋತಾಡುತ್ತಿತ್ತು. ಮೂಲೆಯ ಕಟ್ಟಿಗೆಯಲ್ಲಿ ಕರಿ ಚುಕ್ಕೆಗಳು.

"ಹೊರಗ ಎಷ್ಟೈತಿ ಇವತ್ತು?" ಎಂದೆ.

"ಮೈನಸ್ ಇಪ್ಪತ್ತೈದಂತ."

"ಹಂಗಾದ್ರ ಹಿಮ ಹೆಂಗ ಕರಗತೈತಿ? ಅದು ಕರಗೋದು ಮಾರ್ಚ್‌ಗೆ. ಈ ನೀರು ಮನಿಯೊಳಗಿಂದ."

ಆಕೆ ನಂಬಲಿಲ್ಲ. ಅಳಿಯಂದಿರೂ ನಂಬಿದ ಹಾಗೆ ಕಾಣಲಿಲ್ಲ. ಅವರು ಅದಾಗಲೇ ಅಲ್ಲಿಯ ಒಂದು ಕಿಟಕಿ ಕಂಪನಿಯವರನ್ನು ಕರೆಸಿ ತೋರಿಸಿದ್ದರು. ಬಂದವರು ಮನೆಯ ಅಷ್ಟೂ ಕಿಟಕಿ ಬದಲಿಸಬೇಕು ಎಂದು ಒಂದು ಅಂದಾಜು ಪಟ್ಟಿ ಕೊಟ್ಟು ಹೋಗಿದ್ದರು. ಆ ಮೊತ್ತವನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ಬಳ್ಳಾರಿಯ ಹೊರವಲಯದಲ್ಲಿ ಒಂದು ಸೈಟಿಗೆ ಧಾರಾಳವಾಗಿ ಮುಂಗಡ ಕೊಡಬಹುದಿತ್ತು.

ನನ್ನ ಕಸುಬಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಾನು ಕೋಲ್ಡ್ ಸ್ಟೋರೇಜಿನಲ್ಲಿ ಪ್ಲಾಂಟ್ ಆಪರೇಟರ್ ಆಗಿದ್ದವನು. ಅಮೋನಿಯಾ ಕಂಪ್ರೆಸರ್ ಓಡಿಸುವುದು, ಗಾಳಿ ತಣಿಸುವ ಕೊಳವೆ ಸುರುಳಿಗೆ, ಅಂದರೆ ಕಾಯಿಲ್‌ಗೆ, ಕಟ್ಟಿದ ಮಂಜು ಇಳಿಸುವುದು, ಲಾಗ್ ಪುಸ್ತಕದಲ್ಲಿ ತಾಸಿಗೊಮ್ಮೆ ವೆಟ್ ಬಲ್ಬು, ಡ್ರೈ ಬಲ್ಬು (ಗಾಳಿಯ ತೇವ ತಿಳಿಯಲು ಒದ್ದೆ ಬಟ್ಟೆ ಸುತ್ತಿದ ಒಂದು, ಸುತ್ತದ ಒಂದು ಥರ್ಮಾಮೀಟರಿನ ಅಂಕಿ) ಬರೆಯುವುದು. ಸಿರುಗುಪ್ಪ, ಕುರುಗೋಡು ಕಡೆ ಕಾಲುವೆ ನೀರಿಗೆ ಬೆಳೆದ ಮೆಣಸಿನಕಾಯಿ ಚೀಲಗಳು ಒಳಗೆ ಹೋಗುತ್ತಿದ್ದವು, ದರ ಏರಿದಾಗ ಹೊರಗೆ ಬರುತ್ತಿದ್ದವು. ಶ್ರಾವಣ, ಭಾದ್ರಪದದ ತೇವದ ದಿನಗಳಲ್ಲಿ ತಣ್ಣಗಿನ ಚೀಲವನ್ನು ಒಮ್ಮೆಲೇ ಹೊರಗೆ ತಂದು ಬಾಯಿ ಬಿಚ್ಚಿದರೆ ಕಾಯಿ ನೋಡನೋಡುತ್ತಲೇ ಬೆವರುತ್ತದೆ. ಬೆವರಿದ ಕಾಯಿಗೆ ಬೂಸ್ಟು, ಬೂಸ್ಟು ಬಂದರೆ ವ್ಯಾಪಾರಿ ಮುಟ್ಟುವುದಿಲ್ಲ. ಅದಕ್ಕೇ ಚೀಲಗಳನ್ನು ಹೊರಕೋಣೆಯಲ್ಲಿಟ್ಟು, ಮುಚ್ಚಿದ ಬಾಯಲ್ಲೇ ಬೆಚ್ಚಗಾಗಲು ಬಿಟ್ಟು, ಆಮೇಲೆ ಬಿಚ್ಚುತ್ತಿದ್ದೆವು. ಆ ನೀರು ಕಾಯಿಯೊಳಗಿಂದ ಬಂದದ್ದಲ್ಲ, ಬಳ್ಳಾರಿಯ ಗಾಳಿಯೊಳಗಿಂದ ಬಂದದ್ದು ಎಂಬುದು ಯಾವ ಹಮಾಲನಿಗೂ ಗೊತ್ತು. ವಿನಿಪೆಗ್‌ನ ಗಾಜಿನ ಮೇಲೆ ನಾನು ನೋಡಿದ್ದು ಅದೇ ಬೆವರು.

ಅಳಿಯಂದಿರಿಗೆ ಹೇಳಿದೆ: "ಕಂಪನಿಯೋರಿಗೆ ಒಂದು ತಿಂಗಳು ತಡೀರಿ ಅನ್ರಿ. ಮೊದಲು ಪ್ರತಿ ಕಿಟಕಿಗೂ ಬೆರಳು ಹಚ್ಚಿ ನೋಡ್ರಿ, ನೀರು ಯಾವ ಮೈ ಮ್ಯಾಲೈತಿ ಅಂತ."

ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ, ಖರ್ಚಿಲ್ಲದ್ದು. ಬೆರಳಿಗೆ ನೀರು ಹತ್ತಿದರೆ ಅದು ಕೋಣೆಯ ಗಾಳಿಯ ನೀರು, ಕಿಟಕಿಯನ್ನು ಬೈದು ಉಪಯೋಗವಿಲ್ಲ. ಎರಡು ಗಾಜುಗಳ ನಡುವೆ, ಒಳಗಿನಿಂದಲೂ ಹೊರಗಿನಿಂದಲೂ ಒರೆಸಲಾಗದ ಕಡೆ ಮಬ್ಬು ಇದ್ದರೆ ಅಂಚಿನ ಸೀಲು ಹೋಗಿದೆ, ಆ ಗಾಜಿನ ಜೋಡಿ ಬದಲಿಸಲೇಬೇಕು. ಬೇಸಿಗೆಯ ಬೆಳಗಿನ ಜಾವ ಹೊರಮೈ ಮೇಲೆ ಇಬ್ಬನಿ ಕೂತರೆ ಕಿಟಕಿ ಒಳ್ಳೆಯದಿದೆ, ಒಳಗಿನ ಬಿಸಿ ಹೊರಮೈಗೆ ಮುಟ್ಟುತ್ತಿಲ್ಲ ಎಂದರ್ಥ. ಅವರ ಮನೆಯಲ್ಲಿ ಬಾಣಂತಿ ಕೋಣೆಯೂ ಸೇರಿ ಹೆಚ್ಚಿನ ಕಿಟಕಿಗಳಲ್ಲಿ ಬೆರಳಿಗೆ ನೀರು ಹತ್ತಿತು. ಹಾಲಿನಲ್ಲಿ ಒಂದು, ಮೆಟ್ಟಿಲ ಬಳಿ ಒಂದು, ಹೀಗೆ ಎರಡರಲ್ಲಿ ಮಾತ್ರ ಗಾಜಿನ ನಡುವೆ ಮಬ್ಬು.

ಆಮೇಲೆ ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರು ತರಿಸಿದರು. ಅಗ್ಗದ ಮೀಟರುಗಳನ್ನು ನಾನು ಪರೀಕ್ಷಿಸದೆ ನಂಬುವವನಲ್ಲ. ಅದಕ್ಕೆ ಅಡುಗೆ ಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಬೇಕು. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಒಳಗಿನ ಗಾಳಿ 75 ಶೇಕಡಾ ಆರ್ದ್ರತೆಗೆ ಬಂದು ನಿಲ್ಲುತ್ತದೆ. ಉಪ್ಪಿನ ಗುಣವೇ ಅದು, ಬಳ್ಳಾರಿಯಲ್ಲೂ 75, ವಿನಿಪೆಗ್‌ನಲ್ಲೂ 75. ಅವರ ಮೀಟರು 71 ತೋರಿಸಿತು. ಹಾಗಾದರೆ ಓದಿದ್ದಕ್ಕೆ ನಾಲ್ಕು ಸೇರಿಸಿಕೊಂಡು ಲೆಕ್ಕ ಹಾಕಬೇಕು.

ನಾಲ್ಕು ಸೇರಿಸಿದ ಮೇಲೆ ಬಾಣಂತಿ ಕೋಣೆಯಲ್ಲಿ 46 ಬಂತು. ಕೋಣೆಯ ಬಿಸಿ 21 ಡಿಗ್ರಿ.

"46 ಅಂದ್ರ ಜಾಸ್ತಿ ಅಲ್ಲಲ್ಲ ಮಾವಾರ?" ಎಂದರು ಅಳಿಯಂದಿರು. "ಬಳ್ಳಾರಿಯೊಳಗ ಮಳೆಗಾಲಕ್ಕ ಎಂಬತ್ತು ಇರತೈತಿ."

ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ ಎನ್ನಿಸಿ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಸ್ಟೀಲಿನ ಚೊಂಬು ತಂದೆ. ನೀರು ಹಾಕಿ, ಥರ್ಮಾಮೀಟರು ಇಳಿಸಿ, ಫ್ರಿಜ್ಜಿನ ಐಸನ್ನು ಒಂದೊಂದೇ ಚೂರು ಬಿಟ್ಟು ಕಲಕುತ್ತಾ ಹೋದೆ. ಹತ್ತೊಂಬತ್ತು, ಹದಿನೇಳು, ಹದಿನೈದು, ಏನೂ ಇಲ್ಲ. ಹದಿನಾಲ್ಕರ ಹತ್ತಿರ ಬಂದಾಗ ಚೊಂಬಿನ ಹೊಳಪು ಮಾಯವಾಗಿ ಮಬ್ಬು ಹಿಡಿಯಿತು. ಆ ದಿನ ಆ ಹೊತ್ತಿಗೆ ನಮ್ಮ ಅಡುಗೆ ಮನೆಯ ಗಾಳಿಯ ಇಬ್ಬನಿ ಬಿಂದು ಅದು. ಅದಕ್ಕಿಂತ ತಣ್ಣಗಿರುವ ಯಾವುದನ್ನು ಅಲ್ಲಿ ಇಟ್ಟರೂ ಅದರ ಮೇಲೆ ನೀರು ಕೂರುತ್ತದೆ. 1820ರಲ್ಲಿ ಇಂಗ್ಲೆಂಡಿನ ಜಾನ್ ಡೇನಿಯಲ್ ಎಂಬವರು ಇದೇ ತತ್ವದ ಮೇಲೆ ಗಾಜಿನ ಉಪಕರಣ ಮಾಡಿದ್ದರು. ನನ್ನದು ಚೊಂಬು, ಅಷ್ಟೇ ವ್ಯತ್ಯಾಸ.

ಅವರ ಕೋಣೆಗೆ ಬರೋಣ. 21 ಡಿಗ್ರಿಯಲ್ಲಿ 46 ಶೇಕಡಾ ಎಂದರೆ ಇಬ್ಬನಿ ಬಿಂದು 9 ಡಿಗ್ರಿ. ಹೊರಗೆ ಮೈನಸ್ 25 ಇರುವಾಗ ಸಾಧಾರಣ ಎರಡು ಪದರದ ಗಾಜಿನ ಒಳಮೈ, ನಡುಭಾಗದಲ್ಲಿ, ನಾಲ್ಕೈದು ಡಿಗ್ರಿಗೆ ಇಳಿದಿರುತ್ತದೆ. ಅಂಚಿನಲ್ಲಿ ಎರಡು ಗಾಜನ್ನು ಹಿಡಿದಿಡುವ ಅಲ್ಯೂಮಿನಿಯಂ ಪಟ್ಟಿ ಚಳಿಯನ್ನು ನೇರ ಒಳಗೆ ತರುವುದರಿಂದ ಅಲ್ಲಿ ಸೊನ್ನೆಗಿಂತ ಕೆಳಗೆ. ನಡುವೆ ಮಂಜು, ಅಂಚಿಗೆ ಮಂಜುಗಡ್ಡೆ: ಮನೆಯಾಕೆ ಫೋನಿನಲ್ಲಿ ತೋರಿಸಿದ್ದು ಅದನ್ನೇ. ಕಿಟಕಿ ಒಣಗಿರಬೇಕೆಂದರೆ ಗಾಜನ್ನು ಬೆಚ್ಚಗೆ ಮಾಡಬೇಕು, ಇಲ್ಲವೇ ಗಾಳಿಯ ನೀರು ಇಳಿಸಬೇಕು. ಆರ್ದ್ರತೆ 30ಕ್ಕೆ ಬಂದರೆ ಇಬ್ಬನಿ ಬಿಂದು 3ರ ಹತ್ತಿರ ಬರುತ್ತದೆ. ಕೆನಡಾದ ಆರೋಗ್ಯ ಇಲಾಖೆ ಚಳಿಗಾಲಕ್ಕೆ ಹೇಳುವುದೂ ಸುಮಾರು 30ನ್ನೇ.

ಗಾಜು ಬೆಚ್ಚಗಾಗುವ ದಾರಿಯನ್ನು ನಮ್ಮಾಕೆಯೇ ಮುಚ್ಚಿಟ್ಟಿದ್ದಳು. ಬಾಣಂತಿಗೆ ಥಂಡಿ ತಾಗಬಾರದು ಎಂದು ದಪ್ಪ ಪರದೆ ಎಳೆದು, ಅದರ ಕೆಳಗೆ ಕೌದಿ ತುರುಕಿದ್ದಳು. ಅಲ್ಲಿಯ ಮನೆಗಳಲ್ಲಿ ಬಿಸಿಗಾಳಿ ಬರುವ ಜಾಲರಿಯನ್ನು ಬೇಕೆಂದೇ ಕಿಟಕಿಯ ಕೆಳಗೆ, ನೆಲದಲ್ಲಿ ಕೂರಿಸಿರುತ್ತಾರೆ. ಬಿಸಿಗಾಳಿ ಗಾಜಿನ ಮೈ ಸವರಿಕೊಂಡು ಮೇಲೇರಲಿ ಎಂದು. ಆ ಜಾಲರಿಯ ಮೇಲೆ ನಮ್ಮ ಸೂಟ್‌ಕೇಸು ಕೂತಿತ್ತು. ರೊಟ್ಟಿ ಹಿಟ್ಟು, ಅಂಟಿನುಂಡೆ, ಶೇಂಗಾ ಚಟ್ನಿಪುಡಿ ಹೊತ್ತು ಹೋದ ಸೂಟ್‌ಕೇಸು. ಅದನ್ನು ಸರಿಸಿ, ಹಗಲು ಪರದೆ ತೆಗೆದು, ರಾತ್ರಿ ಪರದೆಯ ಮೇಲೆ ಕೆಳಗೆ ಗಾಳಿ ಆಡುವಷ್ಟು ಸಂದು ಬಿಟ್ಟರು. ಮರುದಿನವೇ ಅಂಚಿನ ಮಂಜುಗಡ್ಡೆ ತೆಳ್ಳಗಾಯಿತು. ಆದರೆ ಮಂಜು ಹೋಗಲಿಲ್ಲ, ಮೀಟರಿನ ಸಂಖ್ಯೆಯೂ ಇಳಿಯಲಿಲ್ಲ. ಇಳಿಯಬೇಕಾದ ಕಾರಣವೂ ಇರಲಿಲ್ಲ, ನೀರು ಅಷ್ಟೇ ಇತ್ತಲ್ಲ.

ಇನ್ನು ನೀರು ಹುಟ್ಟುವ ಜಾಗಗಳು. ಒಬ್ಬ ಮನುಷ್ಯ ಉಸಿರು, ಬೆವರಿನಲ್ಲೇ ದಿನಕ್ಕೆ ಒಂದು ಲೀಟರಿನ ಸುತ್ತಮುತ್ತ ನೀರನ್ನು ಗಾಳಿಗೆ ಬಿಡುತ್ತಾನೆ. ಅಡುಗೆ, ಸ್ನಾನ, ಬಟ್ಟೆ ಸೇರಿದರೆ ನಾಲ್ಕು ಜನರ ಸಾಮಾನ್ಯ ಮನೆಯಲ್ಲಿ ದಿನಕ್ಕೆ ಹತ್ತು ಲೀಟರಿನಷ್ಟು. ಇದು ಸಾಮಾನ್ಯ ಮನೆಯ ಲೆಕ್ಕ, ಬಾಣಂತಿ ಮನೆಯದಲ್ಲ. ಬಾಣಂತಿಗೆ ಎರೆಯುವ ನೀರು ಹೊಗೆ ಏಳುವಷ್ಟು ಬಿಸಿ ಇರಬೇಕು. ಕೂಸಿಗೂ ಎರೆಯಬೇಕು. ಎರೆದ ಮೇಲೆ ಬಾಗಿಲು ತೆರೆದಿಟ್ಟರೆ ಕೋಣೆ ಬೆಚ್ಚಗಿರುತ್ತದೆ ಎಂದು ಬಚ್ಚಲಿನ ಆವಿಯನ್ನೆಲ್ಲ ಕೋಣೆಗೇ ಬಿಡುತ್ತಿದ್ದರು. ಅಜವಾನದ ನೀರು ಒಲೆಯ ಮೇಲೆ ಸದಾ ಕುದಿಯುತ್ತಿತ್ತು. ಕೂಸಿನ ಅರಿವೆಗಳಿಗೆ ಯಂತ್ರದ ಶಾಖ ಬೇಡ ಎಂದು ಕೋಣೆಯಲ್ಲೇ ಸ್ಟ್ಯಾಂಡಿನ ಮೇಲೆ ಹರವುತ್ತಿದ್ದರು. ಒಂದು ಸಲದ ಒಗೆತ ಒಣಗಿದರೆ ಎರಡು ಲೀಟರ್ ನೀರು ಸದ್ದಿಲ್ಲದೆ ಗಾಳಿಗೆ ಹೋಯಿತು ಎಂದೇ ಲೆಕ್ಕ. ಒಂದು ಮಾತ್ರ ಕಡಿಮೆಯಾಗಿತ್ತು, ಲೋಬಾನದ ಹೊಗೆ. ಮೊದಲ ದಿನ ಹಾಕಿದಾಗಲೇ ಚಾವಣಿಯ ಅಲಾರಂ ಕಿರುಚಿ ಕೂಸನ್ನು ಬೆಚ್ಚಿಬೀಳಿಸಿತ್ತಂತೆ. ಆಮೇಲೆ ಅದರ ಸುದ್ದಿ ಯಾರೂ ಎತ್ತಲಿಲ್ಲ.

ಇದೆಲ್ಲ ನಾವು ಬಳ್ಳಾರಿಯಲ್ಲೂ ಮಾಡುವುದೇ. ಇಲ್ಲಿ ನಾವು ನೀರಿನ ಲೆಕ್ಕ ಇಡುವುದಿಲ್ಲ, ಏಕೆಂದರೆ ಕಿಟಕಿ ಬಾಗಿಲು ತೆರೆದೇ ಇರುತ್ತವೆ. ಗ್ಯಾಸ್ ಒಲೆಯನ್ನೇ ನೋಡಿ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ, ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ. 14.2 ಕಿಲೋ ಸಿಲಿಂಡರು ಖಾಲಿಯಾಗುವ ಹೊತ್ತಿಗೆ ನಮ್ಮ ಅಡುಗೆ ಮನೆಯಲ್ಲಿ ಇಪ್ಪತ್ತೆರಡು ಲೀಟರಿನಷ್ಟು ನೀರು ಹುಟ್ಟಿ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ಯಾರಾದರೂ ನೋಡಿದ್ದೇವೆಯೇ? ವಿನಿಪೆಗ್‌ನ ಮನೆಯಲ್ಲಿ ಒಲೆ ಕರೆಂಟಿನದು, ಆ ಮಟ್ಟಿಗೆ ಬಚಾವು. ಮನೆ ಕಾಯಿಸುವ ಗ್ಯಾಸ್ ಕುಲುಮೆ ನೆಲಮಾಳಿಗೆಯಲ್ಲಿದೆ, ಅದರ ಹೊಗೆ ಪೈಪಿನಲ್ಲಿ ನೇರ ಹೊರಕ್ಕೆ. ಆ ಕುಲುಮೆಯಿಂದ ಒಂದು ಸಣ್ಣ ನಳಿಕೆ ಮೋರಿಗೆ ನೀರು ತೊಟ್ಟಿಕ್ಕಿಸುತ್ತದೆ. ಸುಟ್ಟ ಗ್ಯಾಸಿನ ನೀರೇ ಅದು, ಹೋಗುವ ಮುಂಚೆ ತಣಿಸಿ ಅದರ ಬಿಸಿಯನ್ನೂ ಕಿತ್ತುಕೊಂಡಿರುತ್ತಾರೆ. ಯಂತ್ರದವನಾಗಿ ನನಗೆ ಅದು ಬಹಳ ಹಿಡಿಸಿತು. ಫೋನನ್ನು ಅಲ್ಲೇ ಹಿಡಿಯಲು ಹೇಳಿ ಎಷ್ಟೋ ಹೊತ್ತು ನೋಡಿದೆ.

ಹಾಗೆ ನೋಡುತ್ತಿದ್ದಾಗಲೇ ಕುಲುಮೆಯ ಪಕ್ಕದಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ನೀರಿನ ಕೊಳವೆ ಕಂಡಿತು.

"ಅದೇನದು?"

"ಹ್ಯುಮಿಡಿಫೈಯರ್ ಮಾವಾರ. ಅತ್ತಿಯೋರ ತುಟಿ ಒಡದು ರಕ್ತ ಬರಾಕತ್ತಿತ್ತು, ಅದಕ್ಕ ಸ್ವಲ್ಪ ಏರಿಸಿದ್ದೆ."

ಸ್ವಲ್ಪ ಎಂದರೆ 45ಕ್ಕೆ. ಮೇಲೆ ಟವೆಲ್ಲು ಹಿಂಡುವುದು, ಕೆಳಗೆ ಯಂತ್ರವೇ ಗಾಳಿಗೆ ನೀರು ಬೆರೆಸುವುದು! ನಾನು ನಕ್ಕೆ, ಅವರೂ ನಕ್ಕರು. ಅದನ್ನು ತಿರುಗಿಸಿ 25ಕ್ಕೆ ಇಟ್ಟರು.

ಅಡುಗೆ ಮನೆಯಲ್ಲಿ ಒಲೆಯ ಮೇಲೆ ಫ್ಯಾನು ಇತ್ತು. ಸದಾ ಹಾಕಿಯೇ ಇರುತ್ತೇವೆ ಎಂದಳು ಮಗಳು. ಅದರ ನೆತ್ತಿಯ ಜಾಲರಿಗೆ ಅಂಗೈ ಹಿಡಿ ಎಂದೆ. ಬಿಸಿ ಗಾಳಿ ಕೈಗೇ ಬಡಿಯಿತು. ಅಂದರೆ ಫ್ಯಾನು ಹೊಗೆಯನ್ನು ಎಳೆದು, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ, ಮತ್ತೆ ಅಡುಗೆ ಮನೆಗೇ ಬಿಡುತ್ತಿತ್ತು. ಒಗ್ಗರಣೆಯ ಎಣ್ಣೆ ಒಂದಿಷ್ಟು ಹಿಡಿಯುತ್ತದೆ, ನೀರಾವಿಯನ್ನು ಹಿಡಿಯುವುದಿಲ್ಲ. ಸದ್ಯಕ್ಕೆ ಪಾತ್ರೆಗೆ ಮುಚ್ಚಳ, ಅಜವಾನದ ನೀರು ಕುದಿಸಿ ಥರ್ಮಾಸಿಗೆ. ಬಚ್ಚಲಿನ ಫ್ಯಾನು ಹೊರಗೆ ಬಿಡುವಂಥದ್ದೇ ಇತ್ತು. ಎರೆದು ಬಂದ ಮೇಲೆ ಬಚ್ಚಲ ಬಾಗಿಲು ಮುಚ್ಚಿ ಅರ್ಧ ತಾಸು ಅದನ್ನು ಓಡಿಸುವುದೆಂದಾಯಿತು. ಅರಿವೆಗಳು ಡ್ರೈಯರಿಗೆ ಹೋದವು, ಅದೂ ಆವಿಯನ್ನು ಹೊರಕ್ಕೆ ಊದುವ ಯಂತ್ರ. ಈ ಕೊನೆಯದಕ್ಕೆ ಮನೆಯಾಕೆಯ ಒಪ್ಪಿಗೆ ಸುಲಭಕ್ಕೆ ಸಿಗಲಿಲ್ಲ. ಬಿಸಿಲಿಗೆ ಒಣಗದ ಅರಿವೆ ಅರಿವೆಯೇ ಅಲ್ಲ ಎಂಬುದು ಆಕೆಯ ವಾದ. ಮೈನಸ್ 25ರಲ್ಲಿ ಹಿತ್ತಲಿನ ಹಗ್ಗಕ್ಕೆ ಹಾಕಿ ನೋಡು ಎಂದೆ. ಹಾಕಿಯೂ ನೋಡಿದಳು. ಲಂಗೋಟಿ ಹಪ್ಪಳದಂತೆ ಸೆಟೆದು ಒಳಗೆ ಬಂತು.

ಈ ಎಲ್ಲದರಿಂದ 46 ಇದ್ದದ್ದು 39ಕ್ಕೆ ಇಳಿಯಿತು. ಅಲ್ಲಿಗೇ ನಿಂತಿತು.

ಉಳಿದದ್ದು ಹವೆ, ಅಂದರೆ ಹೊರಗಿನ ಗಾಳಿ ಒಳಗೆ ಬಂದು ಹೋಗುವುದು. ಈಗಿನ ಕೆನಡಾದ ಮನೆಗಳು ನಮ್ಮ ಕೋಲ್ಡ್ ಸ್ಟೋರೇಜಿನ ಚೇಂಬರಿನಷ್ಟೇ ಬಿಗಿ. ಗೋಡೆಯೊಳಗೆ ಉಣ್ಣೆಯಂಥ ಇನ್ಸುಲೇಷನ್, ಅದರ ಒಳಮಗ್ಗುಲಿಗೆ ದಪ್ಪ ಪಾಲಿಥೀನ್ ಹಾಳೆ. ನಾವು ಬಳ್ಳಾರಿಯ ಕೋಲ್ಡ್ ಸ್ಟೋರೇಜಿನಲ್ಲಿ ಹಾಳೆಯನ್ನು ಹೊರಮಗ್ಗುಲಿಗೆ ಹಾಕುತ್ತೇವೆ. ತಲೆಕೆಳಗಾದಂತೆ ಕಂಡರೂ ನಿಯಮ ಒಂದೇ: ನೀರಾವಿ ಬೆಚ್ಚಗಿನ ತೇವದ ಕಡೆಯಿಂದ ತಣ್ಣನೆಯ ಒಣ ಕಡೆಗೆ ಹೋಗಲು ನೋಡುತ್ತದೆ, ಅದನ್ನು ಬೆಚ್ಚಗಿನ ಬಾಗಿಲಲ್ಲೇ ತಡೆಯಬೇಕು. ನಮಗೆ ಬೆಚ್ಚಗಿರುವುದು ಹೊರಗೆ, ಅವರಿಗೆ ಒಳಗೆ. ತಡೆ ಹರಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಯಾರೋ ಚೇಂಬರಿನ ಹೊರಗೋಡೆಗೆ ಕೇಬಲ್ ಕಟ್ಟಲು ಮೊಳೆ ಹೊಡೆದುಬಿಟ್ಟಿದ್ದರು. ವರ್ಷಗಳ ನಂತರ ಆ ಗೋಡೆ ಬಿಚ್ಚಿದಾಗ ಹೂವಿನಷ್ಟು ಹಗುರವಿರಬೇಕಾದ ಥರ್ಮಾಕೋಲ್ ಹಲಗೆಯನ್ನು ಒಬ್ಬರೇ ಎತ್ತಲು ತಿಣುಕಬೇಕಾಯಿತು, ಅಷ್ಟು ನೀರು ಕುಡಿದಿತ್ತು. ವಿನಿಪೆಗ್‌ನಲ್ಲಿ ಗಾಜಿನ ಮೇಲೆ ಕಂಡ ನೀರಿಗೆ ನಾನು ಹೆದರಿರಲಿಲ್ಲ. ಅದೇ ಗಾಳಿ ಯಾವುದೋ ಸ್ವಿಚ್ ಪೆಟ್ಟಿಗೆಯ ಸಂದಿನಿಂದ ಗೋಡೆಯೊಳಗೆ ನುಗ್ಗಿ, ಕಾಣದ ಜಾಗದಲ್ಲಿ ಕಟ್ಟಿಗೆಯ ಮೇಲೆ ನೀರಾಗುತ್ತಿದ್ದರೆ ಎಂಬುದೇ ನನ್ನ ಚಿಂತೆ.

ಇಷ್ಟು ಬಿಗಿಯಾದ ಮನೆಗೆ ಉಸಿರಾಡಲು ಒಂದು ಯಂತ್ರ ಇಟ್ಟಿರುತ್ತಾರೆ, ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಎನ್ನುತ್ತಾರೆ. ಒಳಗಿನ ಹಳೆ ಗಾಳಿ ಹೊರಗೆ ಹೋಗುತ್ತಾ, ಹೊರಗಿನ ಹೊಸ ಗಾಳಿ ಒಳಗೆ ಬರುತ್ತಾ ತೆಳು ಹಾಳೆಗಳ ಆಚೆ ಈಚೆ ಹಾಯುತ್ತವೆ. ಒಂದಕ್ಕೊಂದು ಬೆರೆಯದೆಯೇ ಹೋಗುವ ಗಾಳಿ ತನ್ನ ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬರುವ ಗಾಳಿಗೆ ಕೊಟ್ಟುಹೋಗುತ್ತದೆ. ವಿನಿಪೆಗ್‌ನ ಪಕ್ಕದ ಪ್ರಾಂತ್ಯ ಸಸ್ಕಾಚೆವಾನ್‌ನ ರೆಜೈನಾದಲ್ಲಿ 1977ರಲ್ಲಿ ಕಟ್ಟಿದ ಒಂದು ಪ್ರಯೋಗದ ಮನೆಯಲ್ಲಿ ಇಂಥದ್ದನ್ನು ಕೂರಿಸಿದ್ದರು. ತೈಲ ಬಿಕ್ಕಟ್ಟಿನ ನಂತರ ಮನೆಗಳನ್ನು ಬಿಗಿ ಮಾಡಲು ಹೊರಟವರಿಗೆ ಹವೆಯ ಪ್ರಶ್ನೆ ಆಗಲೇ ಎದುರಾಗಿತ್ತು.

ಮಗಳ ಮನೆಯಲ್ಲೂ ಆ ಯಂತ್ರ ಇತ್ತು, ಆದರೆ ಬಂದ್. ಬಂದ್ ಮಾಡಿಸಿದ್ದು ಯಾರೆಂದು ಕೇಳಬೇಕಾಗಲಿಲ್ಲ.

"ಬಾಣಂತಿ ಕ್ವಾಣ್ಯಾಗ ಹೊರಗಿನ ಗಾಳಿ ಬಿಡ್ತಾರೇನ್ರಿ ಯಾರರ? ಕಿವಿಗೆ ಹತ್ತಿ ಇಟ್ಟು, ತಲಿಗೆ ಅರಿವಿ ಕಟ್ಟಿ ಕುಂದರಿಸೀನಿ. ನೀವು ನೋಡಿದ್ರ ಮೈನಸ್ ಇಪ್ಪತ್ತೈದರ ಗಾಳಿ ತರ್ತೀನಿ ಅಂತೀರಿ."

"ಗಾಳಿ ಬೆಚ್ಚಗಾಗಿ ಬರತೈತಿ."

"ಬೆಚ್ಚಗಾದ್ರೂ ಹಿಮದ ಗಾಳಿನ. ಥಂಡಿನ. ಮತ್ತ ನೀರು ತರೋದ ಅಲ್ಲೇನು ಅದು?"

ಈ ಕೊನೆಯ ಪ್ರಶ್ನೆ ಅಳಿಯಂದಿರದೂ ಆಗಿತ್ತು. ಹೊರಗೆ ಮಂಡಿಯುದ್ದ ಹಿಮ ಬಿದ್ದಿರುವಾಗ ಹೊರಗಿನ ಗಾಳಿ ಒಣಗಿದ್ದು ಹೇಗೆ? ಮೈನಸ್ 25ರಲ್ಲಿ ಒಂದು ಘನ ಮೀಟರ್ ಗಾಳಿ ಎಷ್ಟು ಹೊಟ್ಟೆ ತುಂಬ ನೀರು ಕುಡಿದರೂ ಹಿಡಿಯುವುದು ಅರ್ಧ ಗ್ರಾಮಿನಷ್ಟು. ಅದೇ ಗಾಳಿಯನ್ನು 21 ಡಿಗ್ರಿಗೆ ಕಾಯಿಸಿದರೆ ಹದಿನೆಂಟು ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ, ಒಳಗಿರುವುದು ಅರ್ಧವೇ. ಆರ್ದ್ರತೆ ಮೂರು ಶೇಕಡಾ! ಅಂಥ ಗಾಳಿ ಮನೆಯೊಳಗೆ ಬಂದು, ಕೋಣೆಯ ನೀರು ಹೀರಿ, ಹೊತ್ತುಕೊಂಡು ಹೊರಗೆ ಹೋಗುತ್ತದೆ. ದುಡ್ಡಿಲ್ಲದೆ ಸಿಗುವ ಡ್ರೈಯರು.

ಮನೆಯಾಕೆಗೆ ಗ್ರಾಮಿನ ಲೆಕ್ಕ ಬೇಕಿರಲಿಲ್ಲ. ಮೂಲೆಯ ಕರಿ ಚುಕ್ಕೆಗಳನ್ನು ತೋರಿಸಿ ಇದು ಬೂಸ್ಟು, ಕೂಸು ಉಸಿರಾಡುವುದು ಇದೇ ಗಾಳಿಯನ್ನು ಎಂದೆ. ಅದು ತಾಕಿತು. ಒಪ್ಪಂದವಾಯಿತು: ಬಾಣಂತಿ ಮಂಚದ ಕಡೆ ಜಾಲರಿಯ ಗಾಳಿ ತಿರುಗಬಾರದು, ತಾಸಿಗೆ ಇಪ್ಪತ್ತು ನಿಮಿಷ ಮಾತ್ರ ಯಂತ್ರ ಓಡಬೇಕು, ಎರೆಯುವ ಹೊತ್ತಿಗೆ ಬಂದ್ ಇರಬೇಕು. ಕೋಲ್ಡ್ ಸ್ಟೋರೇಜಿನ ಮಾಲೀಕರ ಜೊತೆಗೂ ನಾನು ಇಷ್ಟು ಕಟ್ಟುನಿಟ್ಟಿನ ಕರಾರು ಮಾಡಿಕೊಂಡವನಲ್ಲ.

ಯಂತ್ರ ಶುರುವಾಯಿತು. ಸದ್ದು ಬಂತು. ಮೀಟರು ಅಲುಗಲಿಲ್ಲ. 39 ಇದ್ದದ್ದು 38, ಮತ್ತೆ 39.

ಫ್ಯಾನು ತಿರುಗುತ್ತಿದೆ, ಗಾಳಿ ಹೋಗುತ್ತಿಲ್ಲ ಎಂದರೆ ಎಲ್ಲೋ ಕಟ್ಟಿಕೊಂಡಿದೆ. ನಮ್ಮ ಕಸುಬಿನಲ್ಲಿ ಮೊದಲು ನೋಡುವುದೇ ಕಾಯಿಲ್‌ಗೆ ಮಂಜು ಕಟ್ಟಿದೆಯೇ ಎಂದು. ಯಂತ್ರದ ಮುಚ್ಚಳ ತೆಗೆಸಿದೆ. ಒಳಗಿನ ಫಿಲ್ಟರು ಬೂದುಬಣ್ಣದ ಕಂಬಳಿಯಾಗಿತ್ತು. ತೊಳೆದು ಹಾಕಿದರು, ಸ್ವಲ್ಪ ಗುಣ ಕಂಡಿತು, ಸಾಲಲಿಲ್ಲ. "ಹೊರಗಿನ ಬಾಯಿ ನೋಡಿದ್ರೇನು?" ಎಂದು ಕೇಳಿದೆ. ಅಳಿಯಂದಿರು ಜಾಕೆಟ್ಟು, ಬೂಟು, ಟೋಪಿ, ಎರಡೆರಡು ಕೈಗವಸು ಏರಿಸಿಕೊಂಡು ಟಾರ್ಚು ಹಿಡಿದು ಹೊರಟರು. ಮನೆಯ ಹಿಂಗೋಡೆಯಲ್ಲಿ ಗಾಳಿ ಒಳಬರುವ ಕೊಳವೆಯ ಬಾಯಿಗೆ ಹಕ್ಕಿ ಹೋಗದಂತೆ ಜಾಲರಿ ಇತ್ತು. ಆ ಜಾಲರಿಯ ಕಣ್ಣುಗಳೆಲ್ಲ ಹಳೆಯ ಹತ್ತಿಯಂಥ ಕಸ, ಅದರ ಮೇಲೆ ಹೆಪ್ಪುಗಟ್ಟಿದ ಮಂಜಿನಿಂದ ಮುಚ್ಚಿಹೋಗಿದ್ದವು. ಪಕ್ಕದಲ್ಲೇ ಡ್ರೈಯರಿನ ಆವಿ ಹೊರಬರುವ ಬಾಯಿ. ಕಸವೂ ಆವಿಯೂ ಅಲ್ಲಿಂದಲೇ ಬಂದಿರಬೇಕು. ಅವರು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದನ್ನು ಕೆರೆದು ಬಿಡಿಸಿದರು. ಫೋನು ಚಳಿಗೆ ಬ್ಯಾಟರಿ ಸೋತು ನಡುವೆಯೇ ಆಫ್ ಆಯಿತು. ನಾನು ಇಲ್ಲಿ ಕಪ್ಪು ಪರದೆ ನೋಡುತ್ತಾ ಕೂತೆ.

ಮರುದಿನ 34. ಆ ವಾರದೊಳಗೆ 31. ಗಾಜಿನ ನಡುಭಾಗ ಪೂರ್ತಿ ತಿಳಿಯಾಯಿತು, ಬೀದಿಯ ಆಚೆಯ ಮನೆ, ಅದರ ಮುಂದೆ ಹಿಮ ಬಳಿಯುವವರು, ಎಲ್ಲ ಫೋನಿನಲ್ಲೇ ನನಗೂ ಕಂಡರು. ಮೈನಸ್ 30ಕ್ಕೆ ಇಳಿದ ರಾತ್ರಿಗಳಲ್ಲಿ ಮಾತ್ರ ಕೆಳ ಅಂಚಿನಲ್ಲಿ ತೆಳ್ಳಗೆ ಮಂಜು ಕೂರುತ್ತಿತ್ತು. ಬಾಣಂತಿ ಕೋಣೆಯ ಕಿಟಕಿಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಕಟ್ಟುವ ಕಿಟ್ ತಂದರು. ಚೌಕಟ್ಟಿಗೆ ಎರಡು ಬದಿ ಅಂಟಿನ ಟೇಪು ಹಚ್ಚಿ, ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿ ಹಿಡಿದರೆ ಹಾಳೆ ಬಿಗಿದು ತಮಟೆಯ ಚರ್ಮದಂತಾಗುತ್ತದೆ. ನಡುವೆ ನಿಂತ ಗಾಳಿ ಮೂರನೆಯ ಗಾಜಿನ ಕೆಲಸ ಮಾಡುತ್ತದೆ. ಸುತ್ತಲೂ ಎಲ್ಲೂ ಸಂದು ಬಿಡಬಾರದು, ಬಿಟ್ಟರೆ ಕೋಣೆಯ ಗಾಳಿ ಹಿಂದೆ ನುಸುಳಿ ಹಾಳೆಯ ಆಚೆ ನೀರಾಗುತ್ತದೆ, ಒರೆಸಲೂ ಬರುವುದಿಲ್ಲ. ಹಾಳೆ ಕಟ್ಟುವ ಮುಂಚೆ ಕೂಸು ಬಾಣಂತಿಯನ್ನು ಇನ್ನೊಂದು ಕೋಣೆಗೆ ಕಳಿಸಿ ಕರಿ ಚುಕ್ಕೆಗಳನ್ನು ಸೋಪಿನ ನೀರಿನಿಂದ ಉಜ್ಜಿ, ಕಟ್ಟಿಗೆ ಪೂರ್ತಿ ಒಣಗುವವರೆಗೆ ಕಾದರು.

ಗಾಜು ಒಣಗಿದ್ದೇ ದೂರು ತಿರುಗಿತು. ಸ್ವಿಚ್ಚು ಮುಟ್ಟಿದರೆ ಚಿಟ್ ಎಂದು ಶಾಕ್, ಕೈ ಒರಟು, ಮೂಗು ಉರಿ. "30 ಅಂದ್ರ ನಮ್ಮ ಬ್ಯಾಸಗಿಗಿಂತ ಜಾಸ್ತಿನ ಐತಿ. ನಮ್ಮೂರಾಗ ಏಪ್ರಿಲ್‌ಗೆ ಇಪ್ಪತ್ತಕ್ಕ ಬಂದ್ರೂ ಯಾರ ತುಟಿ ಹಿಂಗ ಒಡಿಯೂದಿಲ್ಲ" ಎಂದಳು ಆಕೆ. ಮಾತು ಸರಿಯೇ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, 20 ಶೇಕಡಾ: ಒಂದು ಘನ ಮೀಟರಿನಲ್ಲಿ ಹತ್ತು ಗ್ರಾಂ ನೀರು. ವಿನಿಪೆಗ್‌ನ ಕೋಣೆ ಈಗ 21 ಡಿಗ್ರಿ, 30 ಶೇಕಡಾ: ಐದೂವರೆ ಗ್ರಾಂ. ಗಾಜಿನಿಂದ ನೀರು ಸುರಿಯುತ್ತಿದ್ದ ಆ 46ರ ದಿನಗಳಲ್ಲೂ ಇದ್ದದ್ದು ಎಂಟೂವರೆ ಗ್ರಾಂ ಮಾತ್ರ. ಕೆರೆ ಬಿರಿಯುವ ನಮ್ಮ ಬೇಸಿಗೆಯ ಗಾಳಿಯಲ್ಲಿ, ಕಿಟಕಿ ಅಳುತ್ತಿದ್ದ ಆ ಕೋಣೆಗಿಂತ ಹೆಚ್ಚು ನೀರಿತ್ತು! ಇಷ್ಟು ವರ್ಷ ಲಾಗ್ ಪುಸ್ತಕದಲ್ಲಿ ಶೇಕಡಾ ಬರೆದ ನನಗೂ ಇದು ಹೀಗೆ ಎದುರುಬದುರು ನಿಂತು ಕಂಡದ್ದು ಅಂದೇ. ನೂರಕ್ಕೆ ಇಷ್ಟು ಎಂಬ ಸಂಖ್ಯೆ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಹೇಳುವುದಿಲ್ಲ, ಆ ಬಿಸಿಯಲ್ಲಿ ಅದು ತುಂಬಿಕೊಳ್ಳಬಹುದಾದುದರಲ್ಲಿ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಮನೆಯಾಕೆಗೆ ಇದನ್ನು ವಿವರಿಸಿದಾಗ "ಲೆಕ್ಕದಾಗ ತುಟಿಗೆ ಹಚ್ಚೋದೇನರ ಬಂತೇನು?" ಎಂದಳು. ಕೊಬ್ಬರಿ ಎಣ್ಣೆ ಎಂದೆ. ಹ್ಯುಮಿಡಿಫೈಯರ್ ಅನ್ನು ಮತ್ತೆ ಏರಿಸಲು ಮಾತ್ರ ಬಿಡಲಿಲ್ಲ. ಕೂಸಿನ ಮೂಗು ಕಟ್ಟಿದಾಗ ಅಲ್ಲಿಯ ಡಾಕ್ಟರು ಉಪ್ಪುನೀರಿನ ಹನಿ ಹಾಕಲು ಹೇಳಿದ್ದರು, ಅದು ಸಾಕಾಯಿತು.

ಕಿಟಕಿ ಕಂಪನಿಯ ಪಟ್ಟಿಯನ್ನು ಅಳಿಯಂದಿರು ಇಟ್ಟುಕೊಂಡಿದ್ದಾರೆ, ಆದರೆ ಬೇಸಿಗೆಯಲ್ಲಿ ಬದಲಿಸಿದ್ದು ನಡುವೆ ಮಬ್ಬು ಹಿಡಿದಿದ್ದ ಆ ಎರಡು ಗಾಜಿನ ಜೋಡಿಗಳನ್ನಷ್ಟೇ. ಚೌಕಟ್ಟು ಹಳೆಯದೇ. ಒಲೆಯ ಫ್ಯಾನಿಗೆ ಹೊರಗೋಡೆಯವರೆಗೆ ಕೊಳವೆ ಹಾಕಿಸಿದರು. ಎಚ್‌ಆರ್‌ವಿಯ ಬಾಯಿಯನ್ನು ಡ್ರೈಯರಿನ ಬಾಯಿಯಿಂದ ದೂರ ಸರಿಸಬೇಕು ಎಂದು ನಾನು ಹೇಳುತ್ತಲೇ ಇದ್ದೇನೆ, ಅದಕ್ಕೆ ಗೋಡೆ ಕೊರೆಯಬೇಕು, ಇನ್ನೂ ಆಗಿಲ್ಲ. ಮಲಗುವ ಕೋಣೆಯ ವಾಯವ್ಯ ಮೂಲೆಯಲ್ಲಿ, ಬಟ್ಟೆ ಅಲ್ಮೇರಾದ ಹಿಂದೆ, ಮಾರ್ಚ್‌ನಲ್ಲಿ ಅಂಗೈಯಗಲ ಬೂಸ್ಟು ಸಿಕ್ಕಿತು. ಎರಡು ಹೊರಗೋಡೆ ಕೂಡುವ ಮೂಲೆ, ಅಲ್ಮೇರಾ ಗೋಡೆಗೆ ಒತ್ತಿ ನಿಂತಿತ್ತು, ಬಿಸಿಗಾಳಿ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಒರೆಸಿ ಒಣಗಿಸಿ, ಅಲ್ಮೇರಾವನ್ನು ನಾಲ್ಕು ಬೆರಳು ಮುಂದೆ ಎಳೆದಿದ್ದಾರೆ. ಅಷ್ಟು ಸಾಕೇ, ಇಲ್ಲ ಆ ಮೂಲೆಯ ಇನ್ಸುಲೇಷನ್ನೇ ಕುಸಿದಿದೆಯೇ ಎಂಬುದು ಬರುವ ಡಿಸೆಂಬರ್‌ನಲ್ಲಿ ತಿಳಿಯಬೇಕು. ಮೀಟರನ್ನು ಅದರ ಹಿಂದೆಯೇ ತೂಗುಹಾಕಿಸಿದ್ದೇನೆ.